ಸೋದರಮಾವನ ಬಿಳಿ ಪಂಚೆ

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ತಿರುಗಿದರೆ ಮೊದಲು ಸಿಗುವುದು ಹಿಟ್ಟಿನ ಮಿಲ್ಲು. ಅದರ ಪಕ್ಕದ ಮಳಿಗೆಯೇ ರೇಣುಕಾಪ್ರಸಾದನ ಸ್ಟುಡಿಯೊ. ಮಿಲ್ಲಿನಿಂದ ಹಾರಿ ಬಂದ ರಾಗಿಹಿಟ್ಟು ಅವನ ಗಾಜಿನ ಬಾಗಿಲ ಮೇಲೆ ಪೌಡರು ಬಳಿದ ಹಾಗೆ ಕೂತಿರುತ್ತದೆ. ಬೆಳಿಗ್ಗೆ ಬಂದವನು ಅದನ್ನು ಒರೆಸಿ, ಒರೆಸಿದ ಜಾಗದಲ್ಲಿ ತನ್ನ ಹಣೆಯ ವಿಭೂತಿ ನೆಟ್ಟಗಿದೆಯೇ ನೋಡಿಕೊಂಡು, ಆಮೇಲೆ ಬೀಗ ತೆಗೆಯುತ್ತಾನೆ. ಕೆಲಸಗಾರ ಒಳ್ಳೆಯವನು. ಮಗು ಅತ್ತರೆ ನಗಿಸಿ ತೆಗೆಯುತ್ತಾನೆ, ಮುದುಕರು ಕೂತರೆ ಕತ್ತು ಎತ್ತಿಸಿ ತೆಗೆಯುತ್ತಾನೆ, ಪಾಸ್‌ಪೋರ್ಟ್ ಸೈಜಿಗೆ ಬಂದವರನ್ನೂ ಮದುವೆಗೆ ಹೊರಟವರ ಹಾಗೆ ತಲೆ ಬಾಚಿಸಿ ಕೂರಿಸುತ್ತಾನೆ. ಬೆಟ್ಟದಪುರದಿಂದ ರಾವಂದೂರಿನ ತನಕ ಅವನು ತೆಗೆದ ಫೋಟೋ ಇಲ್ಲದ ಮನೆ ಹುಡುಕಬೇಕು.

ಅವನಿಗಿದ್ದ ಕಾಯಿಲೆ ಒಂದೇ, ಹೊಟ್ಟೆಕಿಚ್ಚು. ಬೇರೆಯವರಿಗೆ ಹೊಟ್ಟೆಕಿಚ್ಚು ಬಂದರೆ ಅದು ಹೊಟ್ಟೆಯೊಳಗೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಇವನಿಗೆ ಕಿವಿಗೆ ಬರುತ್ತಿತ್ತು. ಎದುರಿಗೆ ಯಾರನ್ನಾದರೂ ಹೊಗಳಿದರೆ ಸಾಕು, ಮೊದಲು ಕಿವಿಯ ತುದಿ ಬಿಸಿಯಾಗಿ, ಆಮೇಲೆ ಎರಡು ಕಿವಿಯೂ ಕಾದ ಹಂಚಿನ ಹಾಗೆ ಕೆಂಪಗಾಗುತ್ತಿದ್ದವು. ಹೆಂಡತಿ ಉಷಾರಾಣಿಗೆ ಅದು ಮದುವೆಯಾದ ವರ್ಷವೇ ಗೊತ್ತಾಗಿತ್ತು. ಅವನ ಮಾತು ಕೇಳಿ ಅವಳು ಯಾವತ್ತೂ ಏನೂ ತೀರ್ಮಾನ ಮಾಡಿದವಳಲ್ಲ, ಕಿವಿ ನೋಡಿಯೇ ತೀರ್ಮಾನ ಮಾಡುತ್ತಿದ್ದಳು.

ಈಚೆಗೆ ಆ ಕಿವಿಗಳು ತಣ್ಣಗಿರುವುದೇ ಅಪರೂಪವಾಗಿತ್ತು. ಅದಕ್ಕೆ ಕಾರಣ ಕೋಟೆ ಕಡೆಯ ಗೌತಮಿ.

ಗೌತಮಿ ಹೆಗ್ಗಡದೇವನಕೋಟೆಯ ಹುಡುಗಿ. ಸ್ಕೂಟರಿನ ಮುಂದೆ ಕ್ಯಾಮೆರಾ ಚೀಲ ಇಟ್ಟುಕೊಂಡು ಹುಣಸೂರು, ಕೆ.ಆರ್. ನಗರ, ಎಲ್ಲಿ ಕರೆದರೆ ಅಲ್ಲಿಗೆ ಬಂದು ಮದುವೆ ಫೋಟೋ ತೆಗೆಯುತ್ತಿದ್ದಳು. ಮದುವಣಗಿತ್ತಿ ಸೀರೆ ಉಡುವ ಕೋಣೆಯ ಬಾಗಿಲು ರೇಣುಕಾಪ್ರಸಾದನಿಗೆ ಮುಚ್ಚಿರುತ್ತಿತ್ತು, ಅವಳಿಗೆ ತೆರೆದಿರುತ್ತಿತ್ತು. ಅದೂ ಹೋಗಲಿ ಅಂತ ಬಿಡಬಹುದು, ಹೆಂಗಸು ಹೆಂಗಸಿನ ಹತ್ತಿರ ಹೋಗುತ್ತಾಳೆ. ಆದರೆ ಬಣ್ಣ ಇತ್ತಲ್ಲ, ಅದನ್ನು ಅವನಿಗೆ ಬಿಡಲಾಗಲಿಲ್ಲ. ಈಗಿನ ಛತ್ರಗಳಲ್ಲಿ ಸ್ಟೇಜಿನ ಹಿಂದೆ ನೇರಳೆ ದೀಪ, ಮೇಲೆ ಹಳದಿ ದೀಪ, ಕಿಟಕಿಯಿಂದ ಬಿಸಿಲು. ಮೂರೂ ಕಲೆತು ಹುಡುಗನ ಒಂದು ಕೆನ್ನೆ ಬದನೆಕಾಯಿ, ಇನ್ನೊಂದು ಕೆನ್ನೆ ಕುಂಬಳಕಾಯಿ. ರೇಣುಕಾಪ್ರಸಾದನ ಫೋಟೋಗಳಲ್ಲಿ ಅದು ಹಾಗೇ ಬರುತ್ತಿತ್ತು. ಅದೇ ಛತ್ರ, ಅದೇ ದೀಪ, ಗೌತಮಿಯ ಫೋಟೋದಲ್ಲಿ ಮುಖ ಮುಖದ ಹಾಗೇ ಇರುತ್ತಿತ್ತು. ಕಪ್ಪಗಿದ್ದವರು ಕಪ್ಪಗೆ, ಎಣ್ಣೆಗೆಂಪಿನವರು ಎಣ್ಣೆಗೆಂಪಗೆ, ವಿಭೂತಿ ಬೆಳ್ಳಗೆ.

ಅವಳು ಏನು ಮಾಡುತ್ತಾಳೆ ಅಂತ ಅವನು ಹುಣಸೂರಿನ ಒಂದು ಮದುವೆಯಲ್ಲಿ ಊಟದ ಎಲೆ ಮುಂದೆ ಕೂತೇ ನೋಡಿದ್ದ. ಸ್ಟೇಜಿನ ಮೇಲೆ ನಿಂತು, ಚೀಲದಿಂದ ಬೆಳ್ಳಗೆ ದುಂಡಗಿನದೊಂದನ್ನು ತೆಗೆದು ಕ್ಯಾಮೆರಾದ ಮೂತಿಗೆ ಮುಚ್ಚಿದಳು. ಮುಚ್ಚಿದ ಕ್ಯಾಮೆರಾವನ್ನೇ ದೀಪದ ಕಡೆ ಎತ್ತಿ ಒಂದು ಸಲ ಒತ್ತಿದಳು. ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಷ್ಟೇ. ಆಮೇಲೆ ಸುಮ್ಮನೆ ಫೋಟೋ ತೆಗೆಯತೊಡಗಿದಳು. ರೇಣುಕಾಪ್ರಸಾದ ಎಲೆಯ ಮೇಲಿನ ಪಾಯಸ ಹರಿದು ಸಾರಿಗೆ ಕಲೆಯುವ ತನಕ ಕೈ ಹಾಕಲಿಲ್ಲ. ಅದು ಏನೋ ಹೊರದೇಶದ ಸಾಮಾನು, ತನ್ನಂಥವನಿಗೆ ಎಟುಕುವುದಲ್ಲ ಅಂತ ಅವನಿಗೆ ಅನ್ನಿಸಿತು.

"ಏನ್ರೀ ಕಿವಿ ಇಂಗೆ," ಅಂದಳು ಪಕ್ಕದಲ್ಲಿ ಕೂತಿದ್ದ ಉಷಾರಾಣಿ.

"ಸಾರು ಖಾರ ಕಣೆ."

"ಇನ್ನೂ ನೀವು ಸಾರೇ ಮುಟ್ಟಿಲ್ಲ."

ಇಷ್ಟೇ ಆಗಿದ್ದರೆ ಅದು ಅವನ ಪಾಡಿಗೆ ಇರುತ್ತಿತ್ತು. ಆದರೆ ಅವನ ಅಕ್ಕನ ಮಗಳು ರೂಪಶ್ರೀಗೆ ಮದುವೆ ಗೊತ್ತಾಯಿತು.

ಅಕ್ಕ ಪುಟ್ಟಮಲ್ಲಮ್ಮನನ್ನು ಕೊಟ್ಟಿದ್ದು ರಾವಂದೂರಿಗೆ. ಭಾವ ರುದ್ರಸ್ವಾಮಿ ಹೊಗೆಸೊಪ್ಪು ಬೆಳೆಯುವವನು, ಸೊಪ್ಪಿನ ಬಣ್ಣ ನೋಡಿಯೇ ಅದರ ಹದ ಹೇಳುವವನು, ನಗಿಸುವುದರಲ್ಲೂ ಕೈ ಮುಂದು. ಅವರ ನಡುಮನೆಯ ಗೋಡೆ ಅಂದರೆ ರೇಣುಕಾಪ್ರಸಾದನಿಗೆ ತನ್ನ ಸ್ಟುಡಿಯೊದ ಗೋಡೆಗಿಂತ ಹೆಚ್ಚು. ಗೃಹಪ್ರವೇಶದಲ್ಲಿ ಹಸು ಒಳಗೆ ಬಂದದ್ದು, ರೂಪಶ್ರೀಯ ನಾಮಕರಣ, ಅವಳು ಶಾಲೆಯಲ್ಲಿ ಕಂಸಾಳೆ ಹಿಡಿದು ಕುಣಿದದ್ದು, ಸೊಪ್ಪು ಒಣಗಿಸುವ ಹೊಸ ಬ್ಯಾರನ್ ಕಟ್ಟಿಸಿ ಮೊದಲ ಸೊಪ್ಪು ಬೇಯಿಸಿದ್ದು, ಎಲ್ಲವೂ ಅವನು ತೆಗೆದದ್ದೇ, ಅವನೇ ಕಟ್ಟು ಹಾಕಿಸಿ ಅವನೇ ಮೊಳೆ ಹೊಡೆದದ್ದು. ಆ ಗೋಡೆಯಲ್ಲಿ ಟೀವಿಯ ಮೇಲುಗಡೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅದು ರೂಪಶ್ರೀಯ ಮದುವೆ ಫೋಟೋದ ಜಾಗ. ಆ ಜಾಗಕ್ಕೆ ಎಷ್ಟು ಉದ್ದ ಎಷ್ಟು ಅಗಲದ ಕಟ್ಟು ಬೇಕು ಅಂತ ಅವನು ಅವಳು ಕಾಲೇಜು ಸೇರಿದಾಗಲೇ ಗೇಣು ಹಾಕಿ ನೋಡಿಕೊಂಡಿದ್ದ.

ಮದುವೆ ಮಾತಾಡಲು ಕರೆದಾಗ ಅಕ್ಕ ಕಾಫಿ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನಿಧಾನಕ್ಕೆ ಸುರುಮಾಡಿದಳು.

"ರೇಣು, ಫೋಟೋಕ್ಕೆ ಆ ಕೋಟೆ ಉಡುಗಿಗೆ ಯೋಳವ್ಳೆ ಕಣ್ಲಾ ನಿನ್ ಸೊಸೆ."

ರೇಣುಕಾಪ್ರಸಾದ ಲೋಟ ಕೆಳಗಿಟ್ಟ.

"ಯಾರಿಗೆ?"

"ಅದೇ ಗೌತಮಿ ಅಂತೆ. ಇವಳ ಫ್ರೆಂಡ್ ಮದ್ವೇಲಿ ತೆಗ್ದಿದ್ಲಂತೆ."

"ಅಂಗಾದ್ರೆ ನಾನೇನು ಮಾಡ್ಲಿ? ಊಟ ಬಡಿಸ್ಲಾ?"

"ನೀನು ಸೋದರ್ಮಾವ ಕಣಪ್ಪ," ಅಂದಳು ಅಕ್ಕ. "ಬಾಸಿಂಗ ಕಟ್ಟೋನು ನೀನು. ಕೈ ಹಿಡಿದು ಮಂಟಪಕ್ಕೆ ಕರ್ಕಂಬರೋನು ನೀನು. ಒಂದು ಕೈಲಿ ಕ್ಯಾಮ್ರ, ಒಂದು ಕೈಲಿ ಬಾಸಿಂಗ ಇಡ್ಕಂಡು ಎಂಗೆ ನಿಂತ್ಕತೀಯ?"

"ಕಟ್ಟೋದು ಕಟ್ಟಿ ತೆಗೆಯೋದು ತೆಗೀತೀನಿ."

"ಹೆಣ್ಣಿನ ಹಣೆಗೆ ಕಟ್ಟಿ, ಮುಂದಕ್ಕೆ ಓಡಿ, ಸ್ಮೈಲ್ ಅಂತೀಯಾ?" ಅಂದ ಭಾವ, ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ.

ಒಳಗಿನಿಂದ ರೂಪಶ್ರೀ ಬಂದು ಮಾವನ ಪಕ್ಕ ಕೂತಳು. ಅವನ ಕಿವಿ ನೋಡಿದಳು. ಅವಳಿಗೂ ಅದು ಗೊತ್ತಿತ್ತು.

"ಮಾವ, ಅರಿಶಿನದ ದಿನ ಮನೇಲಿ ನೀವೇ ತೆಗೀರಿ. ಮದುವೆ ದಿನ ಮಾತ್ರ ಸುಮ್ನೆ ಮಾವ ಆಗಿರಿ. ಆಮೇಲೆ ಗೋಡೆಗೆ ಹಾಕೋದು ನಾನು ಆರಿಸ್ತೀನಿ. ಯಾವುದು ಚೆನ್ನಾಗಿದ್ರೆ ಅದು."

ಅವಳು ಸಮಾಧಾನಕ್ಕೆ ಅಂದ ಮಾತು. ರೇಣುಕಾಪ್ರಸಾದ ಅದನ್ನು ಪಂಥ ಅಂತ ತೆಗೆದುಕೊಂಡ. ಬಸ್ಸಿನಲ್ಲಿ ಬರುವಾಗ ದಾರಿಯುದ್ದ ಅವನು ಒಂದೇ ಲೆಕ್ಕ ಹಾಕಿದ. ಅವಳಿಗೂ ಕ್ಯಾಮೆರಾ, ನನಗೂ ಕ್ಯಾಮೆರಾ. ನಡುವೆ ಇರುವುದು ಆ ಬೆಳ್ಳಗಿನ ದುಂಡು ಸಾಮಾನು. ಅದೊಂದು ಕೈಗೆ ಸಿಕ್ಕಿದರೆ ಗೋಡೆ ನನ್ನದು.

ಗೌತಮಿಯನ್ನೇ ಕೇಳಿದ್ದರೆ ಹೇಳುತ್ತಿದ್ದಳು. ಕೇಳಲು ನಾಲಿಗೆ ಬರಬೇಕಲ್ಲ. ಅವನು ಸ್ಟುಡಿಯೊ ಬಾಗಿಲು ಅರ್ಧ ಹಾಕಿಕೊಂಡು ಫೋನಿನಲ್ಲಿ ಹುಡುಕಿದ. ಒಬ್ಬ ಕೇರಳದವನ ವಿಡಿಯೋ ಸಿಕ್ಕಿತು. ಪಿರಿಯಾಪಟ್ಟಣದ ಸುತ್ತ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರು ಅವನ ಸ್ಟುಡಿಯೊಕ್ಕೆ ಬಂದು ಹೋಗಿ ಮಲಯಾಳ ಅವನಿಗೆ ಅಡುಗೆಮನೆಯ ಮಟ್ಟಿಗೆ ಬರುತ್ತಿತ್ತು. ವಿಡಿಯೋದವನು ಹೇಳಿದ್ದು ಇಷ್ಟು: ಕ್ಯಾಮೆರಾಕ್ಕೆ ಬಿಳಿ ಯಾವುದು ಅಂತ ತಾನಾಗಿ ಗೊತ್ತಿಲ್ಲ. ಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಡಬೇಕು. ಬೆಳ್ಳಗಿರುವುದನ್ನು ಮೂತಿಗೆ ಮುಚ್ಚಿ, ಬೆಳಕು ಅದರ ಮೂಲಕ ಒಳಗೆ ಹೋಗುವ ಹಾಗೆ ಹಿಡಿದು, ಇದು ಬಿಳಿ ಕಣಪ್ಪ ಅಂತ ಒಂದು ಸಲ ತೋರಿಸಬೇಕು. ಆಮೇಲೆ ಅದು ಉಳಿದ ಬಣ್ಣವನ್ನೆಲ್ಲ ಆ ಬಿಳಿಯ ಮೇಲೆ ಅಳೆಯುತ್ತದೆ. ಅಂಗಡಿಯಲ್ಲಿ ಸಿಗುವುದು ದುಬಾರಿ, ಮನೆಯಲ್ಲೇ ತೆಳ್ಳಗಿನ ಬಿಳಿ ಬಟ್ಟೆಯಲ್ಲಿ ಮಾಡಿಕೊಳ್ಳಬಹುದು.

ರೇಣುಕಾಪ್ರಸಾದನಿಗೆ ನಗು ಬಂತು. ಹೊರದೇಶದ ಸಾಮಾನೂ ಅಲ್ಲ, ಮಣ್ಣೂ ಅಲ್ಲ. ಬಿಳಿ ಬಟ್ಟೆ. ಬಿಳಿ ಬಟ್ಟೆಗೆ ತನ್ನ ಮನೆಯಲ್ಲಿ ಬರವೇ?

ಅದೂ ನಿಜ. ಉಷಾರಾಣಿ ಒಗೆದ ಬಿಳಿ ಬಟ್ಟೆ ಅಂದರೆ ಆ ಬೀದಿಗೇ ಹೆಸರು. ತಂತಿಯ ಮೇಲೆ ಅವಳು ಒಣಗಹಾಕಿದ ಪಂಚೆಯ ಪಕ್ಕ ಬೇರೆ ಯಾರೂ ತಮ್ಮ ಬಟ್ಟೆ ಹಾಕುತ್ತಿರಲಿಲ್ಲ, ಬೂದಿಯ ಹಾಗೆ ಕಾಣುತ್ತದೆ ಅಂತ.

ಒಂದು ಮಧ್ಯಾಹ್ನ ಅವಳು ಹಿಟ್ಟು ಬೀಸಿಸಲು ಮಿಲ್ಲಿಗೆ ಹೋಗಿದ್ದಾಗ ಅವನು ಮನೆಯ ಬಿಳಿಯನ್ನೆಲ್ಲ ಕಿಟಕಿಯ ಹತ್ತಿರ ಹರಡಿದ. ಟವೆಲ್ಲು, ದಿಂಬಿನ ಚೀಲ, ದೇವರ ಗೂಡಿನ ಮುಂದಿನ ಪರದೆ. ಎಲ್ಲಕ್ಕಿಂತ ಬೆಳ್ಳಗಿದ್ದದ್ದು ಅವನ ಒಳ್ಳೆಯ ಪಂಚೆ. ಮದುವೆಗೆ ಉಡಲಿ ಅಂತ ಉಷಾರಾಣಿ ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಿಕೆಯೊಳಗೆ ಒಣಗಿದ ಸಂಪಿಗೆ ಇಟ್ಟು ಎತ್ತಿಟ್ಟಿದ್ದಳು. ಬೆಳಕಿಗೆ ಹಿಡಿದರೆ ಹಾಲಿನ ಕೆನೆಯ ಹಾಗೆ ತೆಳ್ಳಗೆ. ಟವೆಲ್ಲಿನ ಪಕ್ಕ ಇಟ್ಟರೆ ಟವೆಲ್ಲೇ ನಾಚಿಕೊಳ್ಳಬೇಕು. ಬಿಳಿ ಅಂದರೆ ಇದು, ಅಂದುಕೊಂಡ.

ಕತ್ತರಿ ಕೈಗೆ ತೆಗೆದುಕೊಂಡವನು ಸ್ವಲ್ಪ ಹೊತ್ತು ಕೂತ. ಪಂಚೆ ಉಟ್ಟಾಗ ಒಂದು ತುದಿ ಒಳಗೆ ಹೋಗುತ್ತದೆ, ಅದನ್ನು ಯಾರು ನೋಡುತ್ತಾರೆ? ಒಳಗೆ ಹೋಗುವ ಮೂಲೆಯಲ್ಲಿ ಲೋಟ ಕವುಚಿಟ್ಟು ಪೆನ್ಸಿಲಿನಲ್ಲಿ ಗೀಟು ಎಳೆದು, ದುಂಡಗೆ ಕತ್ತರಿಸಿದ. ಸ್ಟುಡಿಯೊದಲ್ಲಿ ಗಾಜು ಒಡೆದುಹೋದ ಹಳೆಯ ಫಿಲ್ಟರಿನ ಬಳೆಯೊಂದಿತ್ತು. ಬಟ್ಟೆಯನ್ನು ಅದರೊಳಗೆ ತಮಟೆಗೆ ಚರ್ಮ ಬಿಗಿದ ಹಾಗೆ ಬಿಗಿದು, ಸುತ್ತ ಅಂಟು ಹಾಕಿದ. ಕ್ಯಾಮೆರಾದ ಮೂತಿಗೆ ತಿರುಗಿಸಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪಂಚೆಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ, ಸಂಪಿಗೆಯನ್ನೂ ಇದ್ದ ಜಾಗದಲ್ಲೇ ಇಟ್ಟ.

ಅರಿಶಿನದ ದಿನ ರಾವಂದೂರಿನ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ. ರೂಪಶ್ರೀಯನ್ನು ಹಸೆಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಮುಖಕ್ಕೆ, ಕೈಗೆ, ಪಾದಕ್ಕೆ ಅರಿಶಿನ ಹಚ್ಚಿದರು. ಹಚ್ಚಿದವರ ಕೈ ಹಳದಿ, ಸೀರೆ ಹಳದಿ, ನೆಲ ಹಳದಿ. ರೇಣುಕಾಪ್ರಸಾದ ಎಲ್ಲರೂ ನೋಡುವ ಹಾಗೆ ಬಿಳಿ ಬಳೆಯನ್ನು ಮೂತಿಗೆ ಹಾಕಿ, ಚಪ್ಪರದ ಸಂದಿನ ಬೆಳಕಿಗೆ ಎತ್ತಿ, ಒತ್ತಿ, ತೆಗೆದು ಜೇಬಿಗೆ ಹಾಕಿಕೊಂಡ. ತೆಗೆದದ್ದನ್ನು ಕ್ಯಾಮೆರಾದ ಹಿಂದೆ ನೋಡಿದರೆ ರೂಪಶ್ರೀ ಚಿನ್ನದ ಬೊಂಬೆಯ ಹಾಗೆ ಹೊಳೆಯುತ್ತಿದ್ದಳು. ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನೋಡಿದರು.

"ಬಂಗಾರ ಕರಗ್ಸಿ ಉಯ್ದಂಗೆ ಅದೆ ಕಣ್ ರೇಣು," ಅಂದಳು ಅಕ್ಕ.

ಆ ಒಂದು ಮಾತಿಗೆ ಅವನ ಕಿವಿ ತಣ್ಣಗಾಯಿತು. ಆವತ್ತು ಅವನು ಒಬ್ಬಟ್ಟನ್ನು ತುಪ್ಪದಲ್ಲಿ ಅದ್ದಿ, ಬೇಕು ಬೇಕು ಅಂತ ಕೇಳಿ ಹಾಕಿಸಿಕೊಂಡು ತಿಂದ. ಅರಿಶಿನದ ದಿನ ಅರಿಶಿನವಲ್ಲದೆ ಇನ್ನೇನು ಕಂಡೀತು ಅಂತ ಅವನಿಗೂ ಹೊಳೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ.

ಮದುವೆ ಹುಣಸೂರಿನ ಛತ್ರದಲ್ಲಿ. ಗಂಡು ಚುಂಚನಕಟ್ಟೆ ಕಡೆಯವನು, ಎರಡು ಕಡೆಯವರಿಗೂ ಅನುಕೂಲ ಆಗಲಿ ಅಂತ ಅಲ್ಲಿ ಹಿಡಿದಿದ್ದರು. ಗೌತಮಿ ಬೆಳಿಗ್ಗೆಯೇ ಬಂದಿದ್ದಳು. ರೇಣುಕಾಪ್ರಸಾದನನ್ನು ನೋಡಿ ಕೈ ಮುಗಿದು, "ಚೆನ್ನಾಗಿದೀರಾ ಸರ್? ಇವತ್ತು ನಿಮ್ಮನ್ನ ಚೆನ್ನಾಗಿ ತೆಗೀತೀನಿ," ಅಂದಳು. ಅವನು ಹ್ಞೂಂಗುಟ್ಟಿ ಪಕ್ಕಕ್ಕೆ ಹೋದ. ಹುಡುಗಿ ಮರ್ಯಾದೆ ಕೊಟ್ಟದ್ದು ಅವನಿಗೆ ಇನ್ನೂ ಉರಿಯಿತು. ಸೊಕ್ಕಿನವಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಉಷಾರಾಣಿ ಪಂಚೆ ಕೊಟ್ಟಾಗ ಅವನು ತಾನೇ ಉಟ್ಟುಕೊಳ್ಳುತ್ತೇನೆ ಅಂತ ಬಾಗಿಲು ಹಾಕಿಕೊಂಡು, ತೂತಿನ ಮೂಲೆಯನ್ನು ಜೋಪಾನವಾಗಿ ಒಳಗೆ ಸೇರಿಸಿ ಉಟ್ಟ. ಕ್ಯಾಮೆರಾವನ್ನು ಮೊದಲೇ ಅಡುಗೆಯವರ ತರಕಾರಿ ಬುಟ್ಟಿಯ ಹಿಂದೆ ಇಟ್ಟಿದ್ದ. ಹುಡುಗನಿಗೆ ಕಾಲು ತೊಳೆಯುವ ಶಾಸ್ತ್ರ ನಡೆಯುತ್ತಿದ್ದಾಗ ಅದನ್ನು ತಂದು, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಕಂಬದ ಮರೆಯಲ್ಲಿ ನಿಂತು, ಬಳೆ ಹಾಕಿ, ಬಿಳಿ ತೋರಿಸಿ, ತೆಗೆಯತೊಡಗಿದ. ಗೌತಮಿ ಎಡಕ್ಕೆ ಹೋದರೆ ಅವನೂ ಎಡಕ್ಕೆ ವಾಲುತ್ತಿದ್ದ. ಅವಳು ಬಗ್ಗಿದರೆ ಇವನೂ ಬಗ್ಗುತ್ತಿದ್ದ. ತೆಗೆದದ್ದನ್ನು ಹಿಂದೆ ತಿರುಗಿಸಿ ನೋಡಿದರೆ ಆ ನೇರಳೆ ದೀಪದಲ್ಲಿ ಎಲ್ಲವೂ ಸರಿಯೆಂದೇ ಕಾಣುತ್ತಿತ್ತು. ಕನ್ನಡಕ ಅಂಗಿಯ ಜೇಬಿನಲ್ಲಿತ್ತು, ಅಂಗಿ ಕೋಣೆಯಲ್ಲಿತ್ತು, ಅವನ ಮೈಮೇಲೆ ಇದ್ದದ್ದು ಶಲ್ಯ.

"ಸೋದರ್ಮಾವ ಎಲ್ಲಿ? ಬಾಸಿಂಗಕ್ಕೆ ಹೊತ್ತಾಯ್ತು," ಅಂತ ಮಂಟಪದಿಂದ ಕೂಗಿದರು.

ಅವನು ಆಗ ಕಂಬದ ಹಿಂದೆ ಮಂಡಿಯೂರಿದ್ದ. ಕ್ಯಾಮೆರಾವನ್ನು ಯಾರೋ ಹೆಂಗಸಿನ ಮಡಿಲಿಗೆ ಹಾಕಿ, ಎತ್ತಿ ಕಟ್ಟಿದ್ದ ಪಂಚೆಯನ್ನು ಬಿಚ್ಚಿ, ಓಡುತ್ತಲೇ ಸುತ್ತಿ ಸಿಕ್ಕಿಸಿಕೊಂಡ. ಓಡುವವನಿಗೆ ಯಾವ ತುದಿ ಒಳಗೆ ಯಾವ ತುದಿ ಹೊರಗೆ ಅಂತ ನೋಡುವ ವ್ಯವಧಾನ ಎಲ್ಲಿಯದು? ಮಂಟಪ ಹತ್ತಿ, ರೂಪಶ್ರೀಯ ಕೈ ಹಿಡಿದು ಕರೆತಂದು ಕೂರಿಸಿ, ಬಾಸಿಂಗದ ದಾರ ಗಂಟು ಹಾಕಿದ. ಆ ಹೊತ್ತಿನಲ್ಲೂ ಅವನ ಕಣ್ಣಿದ್ದದ್ದು ಸೊಸೆಯ ಹಣೆಯ ಮೇಲಲ್ಲ. ಎದುರಿಗೆ ನಿಂತಿದ್ದ ಗೌತಮಿ ಎಲ್ಲಿಂದ ತೆಗೆಯುತ್ತಿದ್ದಾಳೆ, ಹೇಗೆ ಹಿಡಿದಿದ್ದಾಳೆ, ಆ ಬೆಳ್ಳಗಿನದನ್ನು ಮತ್ತೆ ಯಾವಾಗ ತೆಗೆಯುತ್ತಾಳೆ, ಅದರ ಮೇಲೆ. ಮಂಟಪ ಇಳಿದವನೇ ಆ ಹೆಂಗಸಿನಿಂದ ಕ್ಯಾಮೆರಾ ಇಸಿದುಕೊಂಡು ಮತ್ತೆ ತೆಗೆಯತೊಡಗಿದ.

ಮದುವೆ ಮುಗಿದು ಸ್ಟುಡಿಯೊಕ್ಕೆ ಬಂದು ಕಂಪ್ಯೂಟರಿಗೆ ಹಾಕಿ, ಕನ್ನಡಕ ಏರಿಸಿಕೊಂಡು ನೋಡಿದ. ಎಲ್ಲರೂ ಹಳದಿ. ಹುಡುಗ ಹಳದಿ, ಹುಡುಗಿ ಹಳದಿ, ಪುರೋಹಿತರ ವಿಭೂತಿಯೂ ಹಳದಿ. ಕಡಿಮೆ ಮಾಡೋಣ ಅಂತ ಬಣ್ಣವನ್ನು ಎಳೆದರೆ ಸೀರೆಯ ಹಸಿರು ಹೋಗಿ ಪಾಚಿಯ ಬಣ್ಣ ಬಂತು. ವಾಪಸು ತಂದ. ಬಹಳ ಹೊತ್ತು ನೋಡಿದ. ನೋಡಿ ನೋಡಿ ಕಣ್ಣು ಪಳಗಿತು. ಅರಿಶಿನದ ದಿನವೂ ಹೀಗೇ ಬಂದಿತ್ತಲ್ಲ, ಬಂಗಾರ ಅಂತ ಎಲ್ಲ ಮೆಚ್ಚಿದರಲ್ಲ, ಅಂದುಕೊಂಡ. ಮನುಷ್ಯನಿಗೆ ಗೆಲ್ಲಲೇಬೇಕು ಅಂತ ಇದ್ದರೆ ಕಾಮಾಲೆಯೂ ಬಂಗಾರವೇ. ಹುಡುಗ ಹುಡುಗಿ ತಾಳಿಯಾದ ಮೇಲೆ ಪಕ್ಕ ಪಕ್ಕ ನಿಂತ ಒಂದನ್ನು ಆರಿಸಿ, ಗೇಣು ಹಾಕಿ ನೋಡಿದ್ದ ಅಳತೆಗೆ ದೊಡ್ಡದು ಮಾಡಿಸಿ, ತೇಗದ ಕಟ್ಟು ಹಾಕಿಸಿದ.

ಹೊಸ ಅಳಿಯ ಮಗಳು ತವರಿಗೆ ಬಂದ ಭಾನುವಾರ ಅಕ್ಕ ಎಲ್ಲರನ್ನೂ ಕರೆದಳು. ರೇಣುಕಾಪ್ರಸಾದ ಕಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಬಂದ. ಗೌತಮಿ ಲ್ಯಾಪ್‌ಟಾಪು ತಂದಿದ್ದಳು. ಊಟ ಆಯಿತು. ನಡುಮನೆಯಲ್ಲಿ ಚಾಪೆಯ ಮೇಲೆ ಎಲ್ಲರೂ ಕೂತರು. ಅವನು ತಾನೇ ಮೊದಲು ಅಂತ ಸೀರೆ ಬಿಚ್ಚಿ ಕಟ್ಟನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ.

ಅಳಿಯ ಕೆಮ್ಮಿದ. ರುದ್ರಸ್ವಾಮಿ ಎದ್ದು ಹತ್ತಿರ ಹೋಗಿ, ಬ್ಯಾರನ್ನಿನಿಂದ ಇಳಿಸಿದ ಸೊಪ್ಪು ನೋಡುವ ಹಾಗೆ ಕತ್ತು ಓರೆ ಮಾಡಿ ನೋಡಿದ.

"ಒಳ್ಳೆ ಹದ ಬಂದದೆ ಕಣ್ ಭಾವಮೈದ," ಅಂದ. "ನಿಂಬೆ ಬಣ್ಣ. ನನ್ ಸೊಪ್ಪೇ ಈ ವರ್ಷ ಇಂಗೆ ಬರ್ನಿಲ್ಲ. ನಾಳೆ ಹರಾಜಿಗೆ ಇಬ್ರನ್ನೂ ಬೇಲು ಕಟ್ಟಿ ಹಾಕ್ಬುಡಾನ."

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಳಿಯನೂ ನಕ್ಕ. ನಗದೆ ಇದ್ದವಳು ಗೌತಮಿ ಒಬ್ಬಳೇ. ಅವಳು ನಕ್ಕಿದ್ದರೆ ರೇಣುಕಾಪ್ರಸಾದನಿಗೆ ಎಷ್ಟೋ ಹಗುರಾಗುತ್ತಿತ್ತು.

"ಸುಮ್ನಿರಪ್ಪ ನೀನು," ಅಂದಳು ರೂಪಶ್ರೀ ಅಪ್ಪನಿಗೆ. "ಗೌತಮಿ, ನಿಮ್ದು ತೋರ್ಸಿ."

ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ಬಂದವು. ಸೀರೆ ಗಿಳಿ ಹಸಿರು, ವಿಭೂತಿ ಬೆಳ್ಳಗೆ, ರೂಪಶ್ರೀ ರೂಪಶ್ರೀಯ ಬಣ್ಣದಲ್ಲೇ. ಎಲ್ಲರೂ ಮುಂದಕ್ಕೆ ಸರಿದರು. ರೇಣುಕಾಪ್ರಸಾದ ಗೋಡೆಗೆ ಒರಗಿ ಕೂತು, ನೋಡಬಾರದು ಅಂತ ಇದ್ದವನು, ನೋಡಿದ. ಅಷ್ಟರಲ್ಲಿ ಅಕ್ಕ ಅಂದಳು:

"ಇದೇನ್ಲಾ ರೇಣು, ಎಲ್ಲಾದ್ರಲ್ಲೂ ನೀನು ಇವಳನ್ನೇ ನೋಡ್ತಾ ಇದ್ದೀಯ?"

ನಿಜವೇ. ಕಾಲು ತೊಳೆಯುವ ಫೋಟೋದ ಹಿಂದೆ ಕಂಬ, ಕಂಬದ ಹಿಂದೆ ಅರ್ಧ ರೇಣುಕಾಪ್ರಸಾದ, ನೆಟ್ಟ ಕಣ್ಣು ಕ್ಯಾಮೆರಾದವಳ ಮೇಲೆ. ಮಂಟಪಕ್ಕೆ ಕರೆತರುವ ಫೋಟೋದಲ್ಲಿ ಸೊಸೆಯ ಕೈ ಅವನ ಕೈಯಲ್ಲಿ, ಕಣ್ಣು ಇತ್ತ. ಎಲ್ಲರೂ ಹೆಣ್ಣುಗಂಡನ್ನು ನೋಡುತ್ತಿದ್ದರೆ ಅವನೊಬ್ಬ ಮಾತ್ರ ಬಾವಿಗೆ ಬಿದ್ದ ಕೊಡ ನೋಡಿದ ಹಾಗೆ ಇತ್ತ ನೋಡುತ್ತಿದ್ದ. ಬಾಸಿಂಗ ಕಟ್ಟುವ ಫೋಟೋ ಬಂತು. ಗೌತಮಿ ಬಿಳಿಯನ್ನು ಸರಿಯಾಗಿ ಹೇಳಿಕೊಟ್ಟಿದ್ದರಿಂದ ಕ್ಯಾಮೆರಾ ಕೆಂಪನ್ನೂ ಸರಿಯಾಗಿಯೇ ಹಿಡಿದಿತ್ತು.

"ಮಾವನ ಕಿವಿ," ಅಂದಳು ರೂಪಶ್ರೀ ಮೆಲ್ಲಗೆ. ಹೊಸ ಅಳಿಯನಿಗೆ ಅರ್ಥವಾಗಲಿಲ್ಲ, ಉಳಿದವರಿಗೆ ಆಯಿತು.

ಉಷಾರಾಣಿ ಕಿವಿ ನೋಡುತ್ತಿರಲಿಲ್ಲ. ಅವಳು ಪರದೆಯ ಕೆಳಗೆ ಬೆರಳಿಟ್ಟಳು. ಪಂಚೆಯ ಹೊರ ತುದಿಯಲ್ಲಿ, ಮೊಣಕಾಲ ಕೆಳಗೆ, ಲೋಟದ ಬಾಯಷ್ಟು ದುಂಡಗಿನ ತೂತು, ತೂತಿನೊಳಗೆ ಗಂಡನ ಕಾಲಿನ ಕೂದಲು.

"ಮನೆಗೆ ಬಂದು ಒಗೆಯಕ್ ಹಾಕ್ದಾಗ ಇಲಿ ಕಡಿದದೆ ಅಂದ್ಕಂಡೆ," ಅಂದಳು. "ಇಲಿ ಇಷ್ಟು ದುಂಡಗೆ ಕಡೀತದೇನ್ರಿ?"

ಇನ್ನು ಬಚ್ಚಿಡುವುದರಲ್ಲಿ ಏನೂ ಉಳಿದಿರಲಿಲ್ಲ. ರೇಣುಕಾಪ್ರಸಾದ ಚೀಲಕ್ಕೆ ಕೈ ಹಾಕಿ ಬಳೆಯನ್ನು ತೆಗೆದು ಚಾಪೆಯ ಮೇಲೆ ಇಟ್ಟ. ಉಷಾರಾಣಿ ಎತ್ತಿಕೊಂಡು ತನ್ನ ಪಂಚೆಯ ಗುರುತು ಹಿಡಿದಳು. ಗೌತಮಿ ಕೈ ಚಾಚಿ ಇಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಮತ್ತೆ ಅವನ ಕೈಗೇ ಕೊಟ್ಟಳು.

"ಫೋಟೋ ಬಣ್ಣ ಬರ್ಲಿ ಅಂತ ಮಾಡ್ದೆ," ಅಂದ ಅವನು, ಯಾರಿಗೆ ಅಂತಿಲ್ಲದೆ. "ಮನೇಲಿ ಅದಕ್ಕಿಂತ ಬಿಳಿ ಇರ್ನಿಲ್ಲ."

"ಎಲ್ಲಿಂದ ಇದ್ದಾತು?" ಅಂದಳು ಉಷಾರಾಣಿ. ಸಿಟ್ಟಿನ ನಡುವೆಯೂ ಅವಳ ದನಿಯಲ್ಲಿ ಹೆಮ್ಮೆ ಇತ್ತು. "ಮದ್ವೆ ಪಂಚೆ ಅಂತ ಒಂದ್ ಸಲಕ್ಕೆ ಸಾಲ್ದೆ ಎಲ್ಡ್ ಸಲ ನೀಲಿ ನೀರಲ್ಲಿ ಅದ್ದಿ ತೆಗ್ದಿದ್ದೆ."

ರೇಣುಕಾಪ್ರಸಾದ ಬಳೆಯನ್ನು ಬಾಗಿಲ ಕಡೆ ಎತ್ತಿ ಹಿಡಿದ. ಈಗ ಕಂಡಿತು. ಬಟ್ಟೆ ಬಿಳಿ ಅಲ್ಲ. ಬೆಳಗಿನ ಜಾವದ ಆಕಾಶದ ಹಾಗೆ ಎಳೆ ನೀಲಿ. ಅವನು ನೀಲಿಯನ್ನು ತೋರಿಸಿ ಇದು ಬಿಳಿ ಅಂದಿದ್ದ. ಕ್ಯಾಮೆರಾ ನಂಬಿತ್ತು, ನಂಬಿ ಆ ನೀಲಿ ಕಳೆಯಲು ಲೋಕಕ್ಕೆಲ್ಲ ಹಳದಿ ಬಳಿದಿತ್ತು. ಊರಿಗೆಲ್ಲ ಮಲ್ಲಿಗೆಯ ಹಾಗೆ ಕಾಣುತ್ತಿದ್ದ ಹೆಂಡತಿಯ ಬಿಳಿ, ನೀಲಿಯ ಬಿಳಿ. ಅವಳನ್ನು ಬಯ್ಯುವ ಹಾಗೂ ಇರಲಿಲ್ಲ, ಪಂಚೆ ಕತ್ತರಿಸಿದವನು ತಾನು.

"ನಿಂದು ಎಲ್ಲಿ ತರಿಸ್ದೆಯಮ್ಮ?" ಅಂತ ಕೊನೆಗೂ ಕೇಳಿದ.

ಗೌತಮಿ ಚೀಲದಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಹೊರದೇಶದ್ದೂ ಅಲ್ಲ, ಅಂಗಡಿಯದ್ದೂ ಅಲ್ಲ. ಮೊಸರಿನ ಡಬ್ಬದ ಪ್ಲಾಸ್ಟಿಕ್ ಮುಚ್ಚಳ, ಅಂಚನ್ನು ಮೂತಿಯ ಅಳತೆಗೆ ಕತ್ತರಿಸಿ ಉಜ್ಜಿದ್ದು.

"ದುಡ್ಡಿರ್ಲಿಲ್ಲ ಸರ್ ಕೊಳ್ಳೋಕೆ. ಸಿಕ್ಕಿದ ಮುಚ್ಚಳ ಎಲ್ಲಾ ಹಾಕಿ ನೋಡ್ದೆ. ಇದೊಂದು ಸುಳ್ಳು ಹೇಳ್ಲಿಲ್ಲ."

ರೂಪಶ್ರೀ ಆರಿಸಿದ್ದು ಬಾಸಿಂಗದ ಫೋಟೋ. ತೂತನ್ನು ಕಂಪ್ಯೂಟರಿನಲ್ಲಿ ಮುಚ್ಚಿಬಿಡುತ್ತೇನೆ ಅಂದಳು ಗೌತಮಿ. ಬೇಡ, ಇರಲಿ ಅಂದಳು ರೂಪಶ್ರೀ. ಆ ಗೋಡೆಯ ಮೇಲೆ ಅಷ್ಟು ಫೋಟೋ ಇದ್ದರೂ ಮಾವ ಇರುವುದು ಒಂದೂ ಇಲ್ಲ, ಇದರಲ್ಲಿ ಇದ್ದಾರೆ, ಅಂದಳು.

ಮುಂದಿನ ವಾರ ಫೋಟೋ ದೊಡ್ಡದಾಗಿ ಬಂತು. ಕಟ್ಟು ಹೊಸದು ಯಾಕೆ, ಅದೇ ಅಳತೆಯದು ಇದೆಯಲ್ಲ ಅಂದಳು ಅಕ್ಕ. ರೇಣುಕಾಪ್ರಸಾದನೇ ಕೂತು ತೇಗದ ಕಟ್ಟಿನ ಹಿಂದಿನ ಮೊಳೆ ಎಬ್ಬಿಸಿ, ತನ್ನ ಫೋಟೋ ಹೊರಗೆಳೆದು, ಅವಳದನ್ನು ಒಳಗೆ ಕೂರಿಸಿದ. ಆ ಮನೆಯಲ್ಲಿ ಫೋಟೋಕ್ಕೆ ಮೊಳೆ ಹೊಡೆಯುವುದು ಅವನೇ ಆದ್ದರಿಂದ, ಸ್ಟೂಲು ಹತ್ತಿ ಟೀವಿಯ ಮೇಲಿನ ಖಾಲಿ ಜಾಗಕ್ಕೆ ಮೊಳೆಯನ್ನೂ ಅವನೇ ಹೊಡೆದ. ಒಂದೊಂದು ಏಟಿಗೂ ಕಿವಿ ಬಿಸಿಯಾಗುತ್ತಿತ್ತು. ನೇತುಹಾಕಿ ಇಳಿದು ನೋಡಿದರೆ ಗೋಡೆಯ ಮೇಲಿನ ರೇಣುಕಾಪ್ರಸಾದ ಕೆಳಗಿನವನನ್ನು ಅದೇ ಕೆಂಪು ಕಿವಿಯಲ್ಲಿ ದಿಟ್ಟಿಸುತ್ತಿದ್ದ.

"ಸ್ವಲ್ಪ ಎಡಕ್ಕೆ ವಾಲ್ಕಂಡದೆ," ಅಂದ ಭಾವ.

"ತೆಗ್ದೋಳೇ ಅಂಗೆ ತೆಗ್ದವ್ಳೆ," ಅಂದ ರೇಣುಕಾಪ್ರಸಾದ, ಕಟ್ಟನ್ನು ಸರಿಮಾಡುತ್ತಾ.

ಆಮೇಲೆ ಬೆಟ್ಟದಪುರದಲ್ಲಿ ಒಂದು ನಾಮಕರಣ ಸಿಕ್ಕಿತು. ಹೊರಡುವ ಮುಂಚೆ ಅವನು ಉಷಾರಾಣಿಗೆ ಗೊತ್ತಾಗದ ಹಾಗೆ ಮೊಸರಿನ ಡಬ್ಬ ತಂದು, ಇಡೀ ಡಬ್ಬ ಮೊಸರನ್ನು ಅನ್ನ ಇಲ್ಲದೆಯೇ ತಿಂದು, ಮುಚ್ಚಳ ತೊಳೆದು ಕತ್ತರಿಸಿಕೊಂಡ. ಮಗುವಿನ ಫೋಟೋ ಮಗುವಿನ ಬಣ್ಣದಲ್ಲೇ ಬಂತು, ಅಂಗಾಲಿನ ನಸುಗೆಂಪು ಸಮೇತ. ಸಂಜೆ ಉಷಾರಾಣಿ ಹಿತ್ತಲಲ್ಲಿ ಬಕೆಟ್ಟಿಗೆ ನೀಲಿ ಹಾಕಿ ಕಲಕುತ್ತಿದ್ದಳು. ಅವನು ಹೋಗಿ ಕ್ಯಾಮೆರಾದ ಹಿಂಬದಿ ತೋರಿಸಿದ. ಅವಳು ಒದ್ದೆ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು.

"ಚೆನ್ನಾಗದೆ ಕಣ್ರಿ. ಗೌತಮಿ ತೆಗ್ದಂಗೇ ಅದೆ."

ಅವನು ಕ್ಯಾಮೆರಾವನ್ನು ಎದೆಗೆ ಎಳೆದುಕೊಂಡ ಹಾಗೆ ಹಿಂದಕ್ಕೆ ತೆಗೆದುಕೊಂಡ.

"ಅವಳು ತೆಗ್ದಂಗೆ ಅಲ್ಲ ಕಣೆ," ಅಂದ. "ಅವಳದೇ ನಾನು ತೆಗ್ದಂಗದೆ ಅನ್ನು."

ಉಷಾರಾಣಿ ಅವನ ಕಿವಿಯನ್ನೊಮ್ಮೆ ನೋಡಿ, ತೂತು ಹೊಲಿದ ಪಂಚೆಯನ್ನು ನೀಲಿ ನೀರಿಗೆ ಅದ್ದಿದಳು.